ಕಣ್ಣಿಗೆ ಬಿದ್ದ ಗಂಟು

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಆಗಾಗ ಒಂದು ಫಾರ್ವರ್ಡ್ ಬರುತ್ತದೆ. ಮೆದುಳಿನೊಳಗೆ ಪ್ರೋಟೀನ್ ಗಂಟು ಕಟ್ಟಿಕೊಳ್ಳುತ್ತದೆ, ಮರೆವು, ನಡುಕ, ಬುದ್ಧಿ ಏರುಪೇರು ಎಲ್ಲದಕ್ಕೂ ಅದೇ ಮೂಲ, ಈ ಅರಿಶಿನದ ಕ್ಯಾಪ್ಸೂಲ್ ತಗೊಂಡರೆ ಗಂಟು ಕರಗಿಹೋಗುತ್ತದೆ ಅಂತ. ಜೊತೆಗೆ ಒಂದು ಚಿತ್ರ. ನೀಲಿ ಬಣ್ಣದ ನರಕೋಶ, ಅದರೊಳಗೆ ಕೆಂಪು ಉಂಡೆ, ಉಂಡೆಯ ಕಡೆಗೆ ಒಂದು ಬಾಣದ ಗುರುತು. ಅರಿಶಿನದ ಮೇಲೆ ನನಗೇನೂ ಸಿಟ್ಟಿಲ್ಲ, ದಿನಾ ಸಾರಿಗೆ ಹಾಕುತ್ತೇನೆ. ನನ್ನನ್ನು ಕಾಡುವುದು ಆ ಬಾಣ.

ಯಾಕೆಂದರೆ ಅದು ಪೂರ್ತಿ ಸುಳ್ಳಲ್ಲ. ಆಲ್ಝೈಮರ್, ಪಾರ್ಕಿನ್ಸನ್, ಎಎಲ್ಎಸ್, ಹಂಟಿಂಗ್ಟನ್, ನರಕೋಶಗಳು ಮೆಲ್ಲಗೆ ಸಾಯುವ ಈ ಕಾಯಿಲೆಗಳಲ್ಲಿ ಯಾವುದನ್ನೇ ತೆಗೆದುಕೊಳ್ಳಿ. ತೀರಿಕೊಂಡವರ ಮೆದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಯಾವುದೋ ಒಂದು ಪ್ರೋಟೀನ್ ಗಂಟು ಕಟ್ಟಿಕೊಂಡು ಕೂತಿರುವುದು ಕಾಣುತ್ತದೆ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವ ನಾನೂ ಬೋರ್ಡಿನ ಮೇಲೆ ಅಂಥದೇ ಉಂಡೆ ಬರೆದು ತೋರಿಸುತ್ತೇನೆ. ಗಂಟು ಇದೆ, ಅನುಮಾನ ಬೇಡ. ಆದರೆ ಕಣ್ಣಿಗೆ ಬಿದ್ದಿದ್ದೇ ಕಾರಣ ಆಗಬೇಕು ಅಂತೇನೂ ಇಲ್ಲ, ಅಲ್ವಾ? ಈ ಪ್ರಶ್ನೆಯನ್ನು ಹಂಟಿಂಗ್ಟನ್ ಒಂದನ್ನೇ ಇಟ್ಟುಕೊಂಡು ಯೋಚಿಸುತ್ತೇನೆ. ಅದಕ್ಕೆ ಎರಡು ಕಾರಣ. ಅದರಲ್ಲಿ ತಪ್ಪಿರುವುದು ಒಂದೇ ಒಂದು ಜೀನ್, ಹಾಗಾಗಿ ಲೆಕ್ಕ ಸ್ವಲ್ಪ ಸ್ಪಷ್ಟ. ಇನ್ನೊಂದು, ಅದು ನಮ್ಮ ಅತ್ತೆಯ ಮನೆಯಲ್ಲಿದೆ.

ಮಾವನ ಚಿಲ್ಲರೆ

ಅಪ್ಪನ ತಂಗಿಯ ಗಂಡ, ನಮಗೆಲ್ಲ ಮಾವ. ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಕಾಲೇಜಿಗೆ ಹೋಗುವಾಗ ಎಷ್ಟೋ ಸಲ ಅವರ ಬಸ್ಸಿನಲ್ಲೇ ಹೋಗಿದ್ದೇನೆ. ತುಂಬಿದ ಬಸ್ಸಿನಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ಸುತ್ತು ಬಂದರೆ ಮುಗಿಯಿತು, ಯಾರು ಎಲ್ಲಿ ಹತ್ತಿದರು, ಯಾರಿಗೆ ಎಷ್ಟು ಬಾಕಿ ಕೊಡಬೇಕು, ಎಲ್ಲ ತಲೆಯಲ್ಲೇ. ಬೇರೆಯವರು ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಾರೆ. ಮಾವ ಬರೆಯುತ್ತಿರಲಿಲ್ಲ. ಇಳಿಯುವ ಮುಂಚೆ ತಾವೇ ಹುಡುಕಿಕೊಂಡು ಬಂದು ಚಿಲ್ಲರೆ ಕೈಗಿಡುತ್ತಿದ್ದರು. ಅದೊಂದು ಹೆಮ್ಮೆ ಅವರಿಗೆ.

ಒಂದು ಸಂಜೆ ನೆನಪಿದೆ. ಸಂತೆ ದಿನ, ಬಸ್ಸು ಕಿಕ್ಕಿರಿದಿತ್ತು. ಒಬ್ಬ ಹೆಂಗಸು ಎರಡು ಫುಲ್ಲು ಒಂದು ಹಾಫು ಅಂದು ನೂರರ ನೋಟು ಕೊಟ್ಟರು. ಮಾವ ನೋಟು ತೆಗೆದುಕೊಂಡು ನಿಂತರು. ಎಲ್ಲಿಗೆ ಅಂತ ಮತ್ತೆ ಕೇಳಿದರು. ಆಕೆ ಹೇಳಿದರು. ಮಾವ ಟಿಕೆಟ್ ಮಷಿನ್ ನೋಡಿದರು, ನೋಟು ನೋಡಿದರು, ಮತ್ತೆ ಎಷ್ಟು ಜನ ಅಂತ ಕೇಳಿದರು. ಹಿಂದಿನವರು ನಕ್ಕರು. ಆಕೆ ಕೊಂಚ ಗಟ್ಟಿಯಾಗಿ ಹೇಳಿದ್ದೇ ತಡ, ಚಿಲ್ಲರೆ ಬ್ಯಾಗನ್ನು ಬಾನೆಟ್ ಮೇಲೆ ರಪ್ಪನೆ ಎಸೆದು, ಬಾಯಿಗೆ ಬಂದಂತೆ ಬೈದರು. ನಾಣ್ಯಗಳೆಲ್ಲ ಡ್ರೈವರ್ ಕಾಲ ಕೆಳಗೆ ಉರುಳಿದವು. ಮಾವ ಯಾರಿಗೂ ಒಂದು ದಿನ ಏರಿದ ದನಿಯಲ್ಲಿ ಮಾತಾಡಿದವರಲ್ಲ. ಕೈ ಆಗಿನ್ನೂ ನೆಟ್ಟಗೇ ಇತ್ತು, ನಡಿಗೆಯೂ. ಮೈ ಅಲುಗಾಟ ಶುರುವಾಗಿದ್ದು ಎಷ್ಟೋ ವರ್ಷ ಆದಮೇಲೆ. ಆಗ ನೋಡಿದವರು ‘ಈಗ ಕಾಯಿಲೆ ಬಂತು’ ಅಂದರು. ನನಗೆ ಈಗ ಅನ್ನಿಸುತ್ತದೆ, ಕಾಯಿಲೆ ಆ ಸಂಜೆ ನಮ್ಮ ಜೊತೆ ಬಸ್ಸಿನಲ್ಲೇ ಇತ್ತು. ಟಿಕೆಟ್ ಮಾತ್ರ ಯಾರೂ ಹರಿದಿರಲಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಕಾಲು ಸ್ವಲ್ಪ ತೂರಾಡಲು ಶುರುವಾಯಿತು. ವೇ ಬಿಲ್ಲಿನ ಲೆಕ್ಕ ತಪ್ಪತೊಡಗಿತು. ಚೆಕಿಂಗ್‌ಗೆ ಬಂದವರು ಡ್ಯೂಟಿ ಮೇಲೆ ಕುಡಿದಿದ್ದಾನೆ ಅಂತ ಬರೆದು ಹೋದರು. ಮಾವ ಅಲ್ಲಿಯ ತನಕ ಒಂದು ತೊಟ್ಟೂ ಮುಟ್ಟಿದವರಲ್ಲ. (ಸಸ್ಪೆಂಡ್ ಆದಮೇಲೆ ಕುಡಿದರು, ಅದು ಬೇರೆ ಕತೆ.) ಈ ಕಾಯಿಲೆಯ ಚರಿತ್ರೆ ಓದುವಾಗ ಇದೇ ಮಾತು ಬೇರೆ ಊರಲ್ಲಿ ಸಿಕ್ಕಿತು. 1968ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಲಿಯೊನೋರ್ ವೆಕ್ಸ್ಲರ್ ಎಂಬಾಕೆ ಕೋರ್ಟಿನ ಜ್ಯೂರಿ ಕೆಲಸಕ್ಕೆ ಹೋಗುತ್ತಿದ್ದರು. ಬೆಳಗ್ಗೆ ಬೆಳಗ್ಗೆಯೇ ಕುಡಿದು ಬಂದಿದ್ದೀರಲ್ಲ, ನಾಚಿಕೆ ಆಗಲ್ವಾ ಅಂತ ಒಬ್ಬ ಪೊಲೀಸ್ ಕೇಳಿದ. ಆಕೆ ಸ್ವತಃ ಜೀವಶಾಸ್ತ್ರ ಓದಿದವರು. ಆಕೆಯ ಮಗಳು ನ್ಯಾನ್ಸಿ ವೆಕ್ಸ್ಲರ್ ಮುಂದೆ ಈ ಕಾಯಿಲೆಯ ಜೀನ್ ಹುಡುಕುವ ಕೆಲಸದ ಮುಂದಾಳು ಆದರು.

ಮಾವನಿಗೆ ಏನಾಗಿದೆ ಅಂತ ಗೊತ್ತಾಗಿದ್ದು ನಿಮ್ಹಾನ್ಸ್‌ನಲ್ಲಿ. ನರರೋಗದ ಡಾಕ್ಟರು ಹೆಚ್ಚೇನೂ ಮಾಡಲಿಲ್ಲ. ನಾಲಿಗೆ ಹೊರಗೆ ಚಾಚಿ, ಹಾಗೇ ಇಟ್ಟುಕೊಳ್ಳಿ ಅಂದರು. ಮಾವ ಚಾಚಿದರು. ನಾಲಿಗೆ ಒಳಗೆ ಹೋಯಿತು. ಮತ್ತೆ ಚಾಚಿದರು, ಮತ್ತೆ ಒಳಗೆ. ಬೇಕು ಅಂದರೂ ಅದನ್ನು ಹೊರಗೆ ನಿಲ್ಲಿಸಲು ಆಗಲಿಲ್ಲ. ಆಮೇಲೆ ಡಾಕ್ಟರು ನಮ್ಮತ್ತೆಯ ಕಡೆ ತಿರುಗಿ, ಇವರ ತಂದೆ ಹೇಗೆ ತೀರಿಕೊಂಡರು ಅಂತ ಕೇಳಿದರು. ‘ಮಾವನೋರಿಗೂ ಕೊನೆಕೊನೆಗೆ ಹಿಂಗೇ ಆಗಿತ್ತು ಸಾರ್. ದೇವರ ಕಾಟ ಅಂದ್ಕೊಂಡಿದ್ವಿ’ ಅಂದರು ಅತ್ತೆ. ರಕ್ತದ ರಿಪೋರ್ಟಿನಲ್ಲಿ ಒಂದು ಸಂಖ್ಯೆ ಬಂತು: 44.

ಒಂದು ಸಂಖ್ಯೆ

ನಾಲ್ಕನೇ ವರ್ಣತಂತುವಿನಲ್ಲಿ ಹಂಟಿಂಗ್ಟಿನ್ ಎಂಬ ಪ್ರೋಟೀನ್ ಮಾಡುವ ಜೀನ್ ಇದೆ. ಅದರ ಶುರುವಿನಲ್ಲೇ ಸಿಎಜಿ ಎಂಬ ಡಿಎನ್ಎಯ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ನಮ್ಮೆಲ್ಲರಲ್ಲೂ ಬರುತ್ತದೆ, ಹೆಚ್ಚಿನವರಲ್ಲಿ ಇಪ್ಪತ್ತರ ಆಸುಪಾಸು ಸಲ. ಮಾವನ ರಿಪೋರ್ಟಿನ 44 ಇದೇ ಲೆಕ್ಕ. 35ರ ತನಕ ಕಾಯಿಲೆ ಇಲ್ಲ. 36ರಿಂದ 39 ಇದ್ದರೆ ಬರಬಹುದು, ಬರದೆಯೂ ಇರಬಹುದು. 40 ಮತ್ತು ಮೇಲೆ ಇದ್ದರೆ, ಆಯುಸ್ಸು ಗಟ್ಟಿ ಇದ್ದರೆ, ಬಂದೇ ಬರುತ್ತದೆ. ತಂದೆ ಅಥವಾ ತಾಯಿ ಯಾರಿಗಾದರೂ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇಷ್ಟು ಕಡ್ಡಿ ತುಂಡು ಮಾಡಿದಂತೆ ಹೇಳುವ ಕಾಯಿಲೆಗಳು ಕಡಿಮೆ.

ಇದು ವಂಶದಲ್ಲಿ ಬರುತ್ತದೆ ಅಂತ ಖಚಿತವಾಗಿ ಬರೆದಿಟ್ಟವರು ಜಾರ್ಜ್ ಹಂಟಿಂಗ್ಟನ್. 1872ರಲ್ಲಿ, ಬರೀ 22ನೇ ವಯಸ್ಸಿನಲ್ಲಿ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನಲ್ಲಿ ಅವರ ತಂದೆಯೂ ಡಾಕ್ಟರು, ತಾತನೂ ಡಾಕ್ಟರು. ಹುಡುಗನಾಗಿದ್ದಾಗ ಅಪ್ಪನ ಕುದುರೆ ಗಾಡಿಯಲ್ಲಿ ಹೋಗುವಾಗ ಈಸ್ಟ್ ಹ್ಯಾಂಪ್ಟನ್ ಹತ್ತಿರದ ದಾರಿಯಲ್ಲಿ ಇಬ್ಬರು ಹೆಂಗಸರನ್ನು ಕಂಡರಂತೆ. ತಾಯಿ, ಮಗಳು. ಇಬ್ಬರೂ ಎತ್ತರ, ಇಬ್ಬರೂ ಬಡಕಲು, ಇಬ್ಬರೂ ಮೈ ತಿರುಚುತ್ತಾ, ಬಾಗುತ್ತಾ, ಮುಖ ಕಿವುಚುತ್ತಾ ಬರುತ್ತಿದ್ದರು. ಅಪ್ಪ ಗಾಡಿ ನಿಲ್ಲಿಸಿ ಅವರನ್ನು ಮಾತಾಡಿಸಿ ಮುಂದೆ ಹೋದರು. ಮೂರು ತಲೆಮಾರಿನ ಡಾಕ್ಟರು ಮೂರು ತಲೆಮಾರಿನ ರೋಗಿಗಳನ್ನು ಒಂದೇ ಊರಲ್ಲಿ ನೋಡಿದ್ದರಿಂದ ಈ ಲೆಕ್ಕ ಸಿಕ್ಕಿತು. ನನಗೆ ಮೆಚ್ಚುಗೆ ಆಗುವುದು ಇನ್ನೊಂದಕ್ಕೆ. ಮೈ ಕುಣಿತದ ಜೊತೆಗೆ ಮನಸ್ಸು ಕೆಡುತ್ತದೆ, ಆತ್ಮಹತ್ಯೆಯ ಕಡೆಗೆ ವಾಲುತ್ತದೆ ಅಂತಲೂ ಅವರು ಆಗಲೇ ಬರೆದಿದ್ದರು. ಅದನ್ನು ಓದಿಯೂ ಡಾಕ್ಟರುಗಳ ಕಣ್ಣು ಹೋಗಿದ್ದು ಕೈಕಾಲಿನ ಕಡೆಗೇ. ಇವತ್ತಿಗೂ ಕಾಯಿಲೆ ಶುರುವಾಯಿತು ಅಂತ ಬರೆಯುವುದು ಸಾಮಾನ್ಯವಾಗಿ ಮೈ ಅಲುಗಾಟ ನೋಡಿಯೇ.

ಜೀನ್ ಹುಡುಕಿದ ಕತೆ ದೊಡ್ಡದು. ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಮೀನುಗಾರರ ಹಳ್ಳಿಗಳಲ್ಲಿ ಈ ಕಾಯಿಲೆಯ ದೊಡ್ಡ ವಂಶವೇ ಇತ್ತು. ಆ ಜನ ಕೊಟ್ಟ ರಕ್ತದಿಂದ 1983ರಲ್ಲಿ ಜೀನ್ ಇರುವ ಜಾಗದ ಸುಳಿವು ಸಿಕ್ಕಿತು. 1993ರಲ್ಲಿ ಜೀನೇ ಸಿಕ್ಕಿತು. ಸುಳಿವಿನಿಂದ ಜೀನಿಗೆ ಹತ್ತು ವರ್ಷ. ಜೀನಿನಿಂದ ಔಷಧಿಗೆ ಮೂವತ್ತು ದಾಟಿದೆ, ಇನ್ನೂ ದಾರಿ ಮುಗಿದಿಲ್ಲ. ಯಾಕೆ? ಇಲ್ಲೇ ಗಂಟಿನ ವಿಷಯ ಬರುತ್ತದೆ.

ಕಂದು ಚುಕ್ಕೆ

ಎಂಎಸ್ಸಿ ಮುಗಿಸಿ ಸ್ವಲ್ಪ ಕಾಲ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಇಲಿಯ ಮೆದುಳನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸ್ಲೈಡ್ ಮಾಡುವ ಕೆಲಸ. ಬಣ್ಣ ಸರಿಯಾಗಿ ಬರುವ ತನಕ ಎಲ್ಲ ಕೊಳಕು ಕಂದು. ಸರಿಯಾಗಿ ಬಂದ ದಿನ ಮಾತ್ರ ನೋಡಬೇಕು. ತಿಳಿ ನೀಲಿ ಕೋಶಕೇಂದ್ರದ ನಡುವೆ ಒಂದೊಂದೇ ಕಂದು ಚುಕ್ಕೆ, ದುಂಡಗೆ, ಅಂಚು ತೀಡಿದ ಹಾಗೆ. ಫೋಕಸ್ ಗಾಲಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಚುಕ್ಕೆ ಮಾಯ, ಇನ್ನಷ್ಟು ತಿರುಗಿಸಿದರೆ ಪಕ್ಕದ ಕೋಶದ್ದು ಪ್ರತ್ಯಕ್ಷ. ಕಾಯಿಲೆ ಬರಿಸಿದ ಇಲಿಯಲ್ಲಿ ಇದೆ, ಪಕ್ಕದ ಸಾದಾ ಇಲಿಯಲ್ಲಿ ಇಲ್ಲ. ಎಣಿಸಬಹುದು. ಫೋಟೊ ತೆಗೆಯಬಹುದು. ಮೀಟಿಂಗಿನಲ್ಲಿ ತೋರಿಸಬಹುದು. ವಿಜ್ಞಾನ ಮಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ!

ಈ ಚುಕ್ಕೆ ಮೊದಲು ಕಂಡಿದ್ದು ಲಂಡನ್ನಿನಲ್ಲಿ. ಗಿಲಿಯನ್ ಬೇಟ್ಸ್ ಅವರ ಗುಂಪು 1996ರಲ್ಲಿ ಹಂಟಿಂಗ್ಟನ್ ಜೀನಿನ ಒಂದು ತುಣುಕನ್ನು ಇಲಿಗೆ ಸೇರಿಸಿತು. ಇಲಿಗೆ ಕಾಯಿಲೆ ಬಂತು. 1997ರಲ್ಲಿ ಅದರ ನರಕೋಶಗಳ ಕೇಂದ್ರದೊಳಗೆ ಗಂಟು ಕಂಡವು. ಅದೇ ವರ್ಷ ತೀರಿಕೊಂಡ ರೋಗಿಗಳ ಮೆದುಳಿನಲ್ಲೂ ಕಂಡವು. ಕೇಂಬ್ರಿಜ್‌ನ ಮ್ಯಾಕ್ಸ್ ಪೆರುಟ್ಜ್ ಇದಕ್ಕೂ ಮುಂಚೆ, 1994ರಲ್ಲೇ, ಹೀಗಾಗಬಹುದು ಅಂತ ಹೇಳಿದ್ದರು. ಹಿಮೋಗ್ಲೋಬಿನ್ ರಚನೆ ಬಿಡಿಸಿ ನೊಬೆಲ್ ಪಡೆದವರು ಅವರು. ಸಿಎಜಿ ಅಂದರೆ ಪ್ರೋಟೀನಿನಲ್ಲಿ ಗ್ಲುಟಮಿನ್ ಎಂಬ ಅಮೈನೊ ಆಮ್ಲ. ಅದು ಸಾಲಾಗಿ ಉದ್ದ ಬೆಳೆದರೆ ಒಂದು ಪ್ರೋಟೀನು ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತದೆ ಅಂತ ಅವರ ಊಹೆ. ಊಹೆ, ಇಲಿ, ಮನುಷ್ಯ, ಮೂರೂ ಒಂದೇ ಕಡೆ ಬೆರಳು ತೋರಿಸಿದವು. ಬಾಣದ ಗುರುತು ಬಿದ್ದಿದ್ದು ಆಗ.

ಅನುಮಾನ ಏಳಲು ಜಾಸ್ತಿ ದಿನ ಬೇಕಾಗಲಿಲ್ಲ. 1998ರಲ್ಲಿ ಪಾತ್ರೆಯಲ್ಲಿ ಬೆಳೆಸಿದ ನರಕೋಶಗಳ ಮೇಲೆ ಪ್ರಯೋಗ ಮಾಡಿದವರು ಗಂಟಿಗೂ ಸಾವಿಗೂ ತಾಳೆ ಆಗುತ್ತಿಲ್ಲ ಅಂದರು. ಮರುವರ್ಷ ರೋಗಿಗಳ ಮೆದುಳು ನೋಡಿದವರು ಇನ್ನೂ ವಿಚಿತ್ರ ಕಂಡರು. ಈ ಕಾಯಿಲೆಯಲ್ಲಿ ಮೊದಲು ಸಾಯುವುದು ಮೆದುಳಿನ ಆಳದ ಸ್ಟ್ರಯಾಟಮ್ ಎಂಬ ಜಾಗದ ಒಂದು ಬಗೆಯ ಕೋಶಗಳು. ಅವುಗಳಲ್ಲಿ ಗಂಟು ಕಡಿಮೆ. ಅದೇ ಜಾಗದಲ್ಲಿದ್ದು ಬದುಕಿ ಉಳಿಯುವ ಇನ್ನೊಂದು ಬಗೆಯ ಕೋಶಗಳಲ್ಲಿ ಗಂಟು ಹೆಚ್ಚು! 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸ್ಟೀವನ್ ಫಿಂಕ್‌ಬೈನರ್ ಅವರ ಗುಂಪು ಒಂದು ಚಂದದ ಕೆಲಸ ಮಾಡಿತು. ರೋಬೊ ಸೂಕ್ಷ್ಮದರ್ಶಕ ಇಟ್ಟು, ಅದೇ ಕೋಶಕ್ಕೆ ಮತ್ತೆ ಮತ್ತೆ ಬಂದು ಫೋಟೊ ತೆಗೆದರು. ಯಾವ ಕೋಶದಲ್ಲಿ ಗಂಟು ಕಟ್ಟಿತು, ಯಾವುದು ಯಾವಾಗ ಸತ್ತಿತು ಅಂತ ಒಂದೊಂದರ ಜಾತಕ ಬರೆದರು. ಗಂಟು ಕಟ್ಟಿದ ಕೋಶಗಳೇ ಹೆಚ್ಚು ಕಾಲ ಬದುಕಿದವು. ಬಿಡಿಬಿಡಿಯಾಗಿ ಓಡಾಡುವ ಕೆಟ್ಟ ಪ್ರೋಟೀನು ಜಾಸ್ತಿ ಇದ್ದ ಕೋಶಗಳು ಬೇಗ ಸತ್ತವು.

ಕಸದ ಗಾಡಿ ಬಾರದ ಬೀದಿಯಲ್ಲಿ ಜನ ಏನು ಮಾಡುತ್ತಾರೆ? ಮನೆ ಮುಂದೆ ಹರಡಿದ್ದನ್ನು ಗುಡಿಸಿ ಒಂದು ಮೂಲೆಗೆ ರಾಶಿ ಹಾಕುತ್ತಾರೆ. ದಾರಿಯಲ್ಲಿ ಹೋಗುವವರಿಗೆ ಮೊದಲು ಕಾಣುವುದು ಆ ರಾಶಿ. ಗಂಟೂ ಬಹುಶಃ ಹಾಗೇ. ಕೋಶ ಕೈಲಾದಷ್ಟು ಒಪ್ಪ ಮಾಡಿಕೊಂಡ ಜಾಗ. ಇದನ್ನು ಓದಿದ ಮೇಲೆ ನನ್ನ ಆ ಚಂದದ ಕಂದು ಚುಕ್ಕೆಗಳು ಬೇರೆಯೇ ಥರ ಕಾಣತೊಡಗಿದವು.

ಹಾಗಂತ ಗಂಟು ಪಾಪದ್ದು, ನಿರಪರಾಧಿ ಅಂತ ಆ ಕಡೆಗೆ ಪೂರ್ತಿ ವಾಲುವುದೂ ನನಗೆ ಸರಿ ಕಾಣುವುದಿಲ್ಲ. ಗಂಟು ಕಟ್ಟುವಾಗ ಪಕ್ಕದಲ್ಲಿದ್ದ ಒಳ್ಳೆಯ ಪ್ರೋಟೀನುಗಳೂ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಸಿಬಿಪಿ ಎಂಬ ಒಂದು ಪ್ರೋಟೀನ್ ಇದೆ, ಬೇರೆ ಎಷ್ಟೋ ಜೀನ್‌ಗಳನ್ನು ಚಾಲೂ ಮಾಡಲು ಅದು ಬೇಕು. ಅದು ಇಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಕೆಲಸ ನಿಂತಿತು. ಗಂಟನ್ನು ಬಿಡಿಸಿ ನೋಡಿದರೆ ಅದರ ಮೈತುಂಬ ಯುಬಿಕ್ವಿಟಿನ್ ಚೀಟಿ. ಇದನ್ನು ಒಡೆದು ಹಾಕಿ ಅಂತ ಕೋಶ ಅಂಟಿಸುವ ಚೀಟಿ ಅದು. ಹೀಗೆ ಚೀಟಿ ಅಂಟಿಸಿ ಒಡೆಯುವ ವ್ಯವಸ್ಥೆಯನ್ನು ಕಂಡುಹಿಡಿದವರಿಗೆ 2004ರಲ್ಲಿ ನೊಬೆಲ್ ಬಂತು. ಅಂದರೆ ಇದು ಕೆಟ್ಟಿದೆ ಅಂತ ಕೋಶಕ್ಕೆ ಗೊತ್ತಾಗಿದೆ, ಚೀಟಿಯೂ ಅಂಟಿಸಿದೆ, ಒಡೆಯುವ ಕೆಲಸ ಮಾತ್ರ ಮುಂದೆ ಹೋಗಿಲ್ಲ. ದೊಡ್ಡ ವಸ್ತುಗಳನ್ನು ನುಂಗಿ ಜೀರ್ಣಿಸುವ ಆಟೊಫೇಜಿ ಎಂಬ ಇನ್ನೊಂದು ದಾರಿಯೂ ಈ ಕಾಯಿಲೆಯಲ್ಲಿ ಕುಂಟುತ್ತದೆ.

ಇನ್ನೊಂದು ಏಟು ಸಾಗಾಟದಲ್ಲಿ. ಸ್ಟ್ರಯಾಟಮ್ ಕೋಶಗಳು ಬದುಕಲು ಬಿಡಿಎನ್ಎಫ್ ಎಂಬ ಪ್ರೋಟೀನ್ ಬೇಕು. ಅವು ಅದನ್ನು ತಾವೇ ಬೇಕಾದಷ್ಟು ಮಾಡಿಕೊಳ್ಳುವುದಿಲ್ಲ. ಮೆದುಳಿನ ಹೊರಪದರದಲ್ಲಿ ತಯಾರಾಗಿ, ಉದ್ದನೆಯ ನರತಂತುವಿನೊಳಗೆ ಸಾಗಿ ಬರಬೇಕು. ಆ ಸಾಗಾಟದಲ್ಲಿ ಕೈಜೋಡಿಸುವುದು ಸರಿಯಿರುವ ಹಂಟಿಂಗ್ಟಿನ್ ಪ್ರೋಟೀನೇ. ಅದು ಕೆಟ್ಟರೆ ಮಾಲು ತಯಾರಾಗುವುದೂ ಕಡಿಮೆ, ತಲುಪುವುದೂ ನಿಧಾನ. ಈ ಯಾವುದೂ ನನ್ನ ಸ್ಲೈಡಿನಲ್ಲಿ ಕಾಣುತ್ತಿರಲಿಲ್ಲ. ಬರಬೇಕಾದ್ದು ಬರಲಿಲ್ಲ ಅನ್ನುವುದಕ್ಕೆ ಬಣ್ಣ ಹಾಕುವುದು ಹೇಗೆ?

ಒಂದು ಆಶೆಯ ಪ್ರಯೋಗವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯ. 2000ದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಯ್ ಯಮಮೊಟೊ ಮತ್ತು ಜೊತೆಯವರು, ಕೆಟ್ಟ ಜೀನನ್ನು ಬೇಕೆಂದಾಗ ಆಫ್ ಮಾಡಬಹುದಾದ ಇಲಿ ಮಾಡಿದರು. ಕಾಯಿಲೆ ಬಂದು ಗಂಟು ಕಟ್ಟಿದ ಮೇಲೆ ಜೀನ್ ಆಫ್ ಮಾಡಿದರು. ಗಂಟು ತಾನಾಗಿ ಕರಗಿತು, ಇಲಿಯ ನಡವಳಿಕೆಯೂ ಸುಧಾರಿಸಿತು. ಹೊಸ ಕೆಟ್ಟ ಪ್ರೋಟೀನ್ ಬರುವುದು ನಿಂತರೆ ಹಳೆಯದನ್ನು ಕೋಶ ತಾನೇ ವಿಲೇವಾರಿ ಮಾಡಬಲ್ಲದು. ಕರಗಿಸುವ ಕ್ಯಾಪ್ಸೂಲ್ ಬೇಕಾಗಿಯೇ ಇರಲಿಲ್ಲ!

ಹುಟ್ಟಿನಿಂದಲೇ ಶುರುವಾಗಿರುತ್ತಾ?

ಅತ್ತೆಗೆ ಒಬ್ಬಳೇ ಮಗಳು. ಬೆಂಗಳೂರಿನಲ್ಲಿ ಕೆಲಸ. ರಕ್ತ ಪರೀಕ್ಷೆ ಮಾಡಿಸಿಕೊಂಡಿಲ್ಲ. ಇದನ್ನು ಯಾರೂ ಬಲವಂತ ಮಾಡಬಾರದು, ಪರೀಕ್ಷೆಗೆ ಮುಂಚೆ ಕೌನ್ಸೆಲಿಂಗ್ ಆಗಬೇಕು, ರಕ್ತ ಕೊಟ್ಟ ಮೇಲೂ ಫಲಿತಾಂಶ ಬೇಡ ಅನ್ನಬಹುದು. ನಿಯಮವೇ ಹಾಗಿದೆ, ಒಳ್ಳೆಯ ನಿಯಮ. ನ್ಯಾನ್ಸಿ ವೆಕ್ಸ್ಲರ್ ಕೂಡ, ಪರೀಕ್ಷೆ ಸಾಧ್ಯವಾಗಿಸಿದ ಕೆಲಸದಲ್ಲಿ ತಾವೇ ಇದ್ದರೂ, ತಮ್ಮ ಫಲಿತಾಂಶವನ್ನು ತಿಳಿಯಲು ಹೋಗಲಿಲ್ಲ. ತಮಗೂ ಕಾಯಿಲೆ ಇದೆ ಅಂತ 2020ರಲ್ಲಿ ಹೊರಗೆ ಹೇಳಿದರು.

ಹೋದ ವರ್ಷ ಯುಗಾದಿಗೆ ಅತ್ತೆ ಮನೆಗೆ ಹೋಗಿದ್ದಾಗ ಅವಳೂ ಬಂದಿದ್ದಳು. ಹೋಳಿಗೆಗೆ ಕಣಕ ನಾದುತ್ತಿದ್ದಳು. ಚಮಚ ಕೈಜಾರಿ ಬಿತ್ತು. ಬಿದ್ದಿದ್ದನ್ನು ಎತ್ತಲಿಲ್ಲ. ಎಣ್ಣೆಯಾದ ಕೈಯನ್ನು ಮುಂದೆ ಚಾಚಿ, ಬೆರಳು ಬಿಡಿಸಿ, ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಾ ನಿಂತಳು. ಅತ್ತೆ ಹಿತ್ತಲಲ್ಲಿದ್ದರು. ‘ಅಕ್ಕ, ಒಂದು ಮಾತು ಕೇಳ್ತೀನಿ. ಬರೋದಾದ್ರೆ ಈಗಲೇ ಒಳಗೆ ಶುರುವಾಗಿರುತ್ತಾ?’ ಅಂದಳು.

ಅವಳು ಕೇಳುವ ಕೆಲವೇ ತಿಂಗಳ ಹಿಂದೆ, 2025ರ ಜನವರಿಯಲ್ಲಿ, ಹಾರ್ವರ್ಡ್ ಮತ್ತು ಬ್ರಾಡ್ ಸಂಸ್ಥೆಯ ಸ್ಟೀವನ್ ಮೆಕ್‌ಕ್ಯಾರಲ್ ಅವರ ಗುಂಪು ಇದಕ್ಕೆ ಉತ್ತರ ಕೊಟ್ಟಿತ್ತು. ದಾನವಾಗಿ ಬಂದ ಮೆದುಳುಗಳಿಂದ ಒಂದೊಂದೇ ಕೋಶ ತೆಗೆದು, ಅದರಲ್ಲಿ ಸಿಎಜಿ ಎಷ್ಟು ಸಲ ಬಂದಿದೆ ಅಂತ ಎಣಿಸಿದರು. ರಕ್ತದಲ್ಲಿ 44 ಇದ್ದವರ ಸ್ಟ್ರಯಾಟಮ್ ಕೋಶದಲ್ಲಿ ಅದು 44 ಆಗಿಯೇ ಉಳಿದಿರುವುದಿಲ್ಲ. ಹುಟ್ಟಿದಾಗಿನಿಂದ ಮೆಲ್ಲಗೆ ಬೆಳೆಯುತ್ತಾ ಹೋಗುತ್ತದೆ. ಸುಮಾರು 80 ಮುಟ್ಟಲು ದಶಕಗಳೇ ಬೇಕು. ಆಮೇಲೆ ಓಟ ಜೋರಾಗುತ್ತದೆ. 150 ದಾಟುವ ತನಕ ಕೋಶಕ್ಕೆ ಹೇಳಿಕೊಳ್ಳುವಂಥ ತೊಂದರೆ ಕಾಣುವುದಿಲ್ಲ. ದಾಟಿದ ಮೇಲೆ ಕೋಶದ ಜೀನ್‌ಗಳ ಶಿಸ್ತೇ ತಪ್ಪಿ, ಕೋಶ ಬೇಗ ಸಾಯುತ್ತದೆ. ಒಂದೊಂದು ಕೋಶ ಒಂದೊಂದು ಕಾಲಕ್ಕೆ ಆ ಗೆರೆ ದಾಟುತ್ತದೆ.

ಬೆಳೆಸುವವರು ಯಾರು ಅಂದರೆ, ಡಿಎನ್ಎ ರಿಪೇರಿ ಮಾಡುವ ಪ್ರೋಟೀನುಗಳೇ. ಎಂಎಸ್ಎಚ್3 ಎಂಬುದು ರಿಪೇರಿ ಮಾಡಲು ಹೋಗಿ ಒಂದೆರಡು ಸಿಎಜಿ ಜಾಸ್ತಿ ಸೇರಿಸಿಬಿಡುತ್ತದೆ. ಫ್ಯಾನ್1 ಎಂಬುದು ಅದನ್ನು ತಡೆಯುತ್ತದೆ. ಇವು ಯಾರಲ್ಲಿ ಹೇಗಿವೆ ಅನ್ನುವುದರ ಮೇಲೆ ಕಾಯಿಲೆ ಬೇಗ ಬರುವುದೋ ತಡವಾಗಿಯೋ ಅನ್ನುವುದು ಕೊಂಚ ಬದಲಾಗುತ್ತದೆ. 2019ರಲ್ಲಿ ಇನ್ನೊಂದು ವಿಷಯ ಗೊತ್ತಾಗಿತ್ತು. ಸಿಎಎ ಎಂಬ ಮೂರಕ್ಷರವೂ ಗ್ಲುಟಮಿನ್ನನ್ನೇ ತರುತ್ತದೆ. ಸಾಮಾನ್ಯವಾಗಿ ಸಿಎಜಿ ಸಾಲಿನ ಕೊನೆಗೆ ಒಂದು ಸಿಎಎ ಇರುತ್ತದೆ. ಕೆಲವರಲ್ಲಿ ಅದಿಲ್ಲ, ಅವರಿಗೆ ಕಾಯಿಲೆ ಬೇಗ. ಪ್ರೋಟೀನಿನಲ್ಲಿ ಗ್ಲುಟಮಿನ್ ಎಷ್ಟಿದೆ ಅನ್ನುವುದಕ್ಕಿಂತ ಡಿಎನ್ಎಯಲ್ಲಿ ತಡೆಯಿಲ್ಲದ ಸಿಎಜಿ ಸಾಲು ಎಷ್ಟುದ್ದ ಅನ್ನುವುದೇ ಗಡಿಯಾರ. ಇದೇ ಕೊನೆಯ ಮಾತು ಅಂತ ನಾನು ಹೇಳುತ್ತಿಲ್ಲ. ಆದರೆ ಗಂಟು ಕಾಣುವುದಕ್ಕೆ ಎಷ್ಟೋ ಮೊದಲೇ, ಯಾವ ಬಣ್ಣಕ್ಕೂ ಸಿಗದ ಕಡೆ, ಕೆಲಸ ನಡೆಯುತ್ತಿತ್ತು ಅನ್ನುವುದಂತೂ ಗಟ್ಟಿಯಾಯಿತು.

ಅವಳಿಗೆ ಏನು ಹೇಳುವುದು? ಇದ್ದರೆ ಹುಟ್ಟಿನಿಂದಲೇ ಶುರು, ಕೋಶ ಸಾಯುವುದಕ್ಕೆ ಇನ್ನೂ ತುಂಬ ಕಾಲ ಇದೆ ಅಂದೆ. ಅಷ್ಟನ್ನು ಅವಳು ಸಮಾಧಾನವಾಗಿಯೇ ಕೇಳಿಸಿಕೊಂಡಳು. ಇನ್ನೊಂದು ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೈ ನೋಡಬೇಡ, ಮೊದಲು ಕೆಡುವುದು ಕೈಯಲ್ಲ ಅಂತ. ಹೇಳಿದರೆ ಏನಾಗುತ್ತದೆ? ಕೈ ನೋಡುವುದನ್ನು ಬಿಟ್ಟು ತನ್ನ ಸಿಟ್ಟನ್ನು ನೋಡಲು ಶುರುಮಾಡುತ್ತಾಳೆ. ಆಫೀಸಿನಲ್ಲಿ ಒಂದು ಲೆಕ್ಕ ತಪ್ಪಿದರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಅಮ್ಮನ ಮೇಲೆ ರೇಗಿದರೆ, ಇದು ನಾನಾ, ಕಾಯಿಲೆಯಾ ಅನ್ನುವ ಪ್ರಶ್ನೆ. ಚಮಚ ಬೀಳುವುದನ್ನಾದರೂ ಎಣ್ಣೆಗೈ ಅಂತ ತಳ್ಳಿಹಾಕಬಹುದು. ಸಿಟ್ಟಿಗೆ ಯಾವ ಎಣ್ಣೆಯನ್ನು ದೂರುವುದು? ಅವಳ ಅಪ್ಪನ ಬಗ್ಗೆ ನನಗೆ ಅರ್ಥವಾದ ಸತ್ಯವೇ ಅವಳ ಕೈಗೆ ಕೊಡಲಾಗದ ಸತ್ಯವಾಯಿತು. ಈಗ ಇಲ್ಲಿ ಬರೆದಿದ್ದೇನೆ, ಅವಳೂ ಓದುತ್ತಾಳೆ. ಬರೆಯುವ ಮುಂಚೆ ಅವಳನ್ನು ಕೇಳಿದೆ. ‘ಬರಿ ಅಕ್ಕ, ನಂಗೆ ಗೂಗಲ್ ಇಲ್ವಾ’ ಅಂದಳು.

ಔಷಧಿಯ ಸುದ್ದಿಯೂ ಅವಳಿಗೆ ನನಗಿಂತ ಮುಂಚೆ ಗೊತ್ತಿರುತ್ತದೆ. ಟೊಮಿನರ್ಸೆನ್ ಎಂಬುದನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚಿ ಹಂಟಿಂಗ್ಟಿನ್ ಪ್ರೋಟೀನನ್ನೇ ಕಡಿಮೆ ಮಾಡಿದರು. ಪ್ರೋಟೀನ್ ಇಳಿಯಿತು. ಆದರೆ 2021ರ ಮಾರ್ಚಿನಲ್ಲಿ ದೊಡ್ಡ ಪ್ರಯೋಗದ ಡೋಸ್ ನಿಲ್ಲಿಸಬೇಕಾಯಿತು. ಹೆಚ್ಚು ಸಲ ಔಷಧಿ ಪಡೆದವರು, ಔಷಧಿ ಇಲ್ಲದ ಬರೀ ಚುಚ್ಚುಮದ್ದು ಪಡೆದವರಿಗಿಂತ ಹಿಂದೆ ಬಿದ್ದಿದ್ದರು. ಆ ಔಷಧಿ ಕೆಟ್ಟದ್ದನ್ನೂ ಒಳ್ಳೆಯದನ್ನೂ ಒಟ್ಟಿಗೇ ಇಳಿಸುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಎಎಂಟಿ-130 ಎಂಬ ಜೀನ್ ಚಿಕಿತ್ಸೆಯ ಸುದ್ದಿ ಬಂತು. ಹೆಚ್ಚಿನ ಡೋಸ್ ಪಡೆದವರಲ್ಲಿ ಮೂರು ವರ್ಷಕ್ಕೆ ಕಾಯಿಲೆಯ ಓಟ ಶೇ. 75ರಷ್ಟು ನಿಧಾನವಾಗಿದೆ ಅಂತ. ಮೂರು ವರ್ಷ ಪೂರೈಸಿದ್ದವರು 12 ಜನ, ಹೋಲಿಕೆ ಮಾಡಿದ್ದು ಹೊರಗಿನ ರೋಗಿಗಳ ದಾಖಲೆ ಜೊತೆ. ತಲೆಬುರುಡೆಗೆ ತೂತು ಕೊರೆದು ಗಂಟೆಗಟ್ಟಲೆ ಮಾಡುವ ಆಪರೇಷನ್ ಅದು. ಅವಳು ನನಗೆ ಲಿಂಕ್ ಕಳಿಸಿ ಕೆಳಗೆ ಒಂದೇ ಸಾಲು ಬರೆದಿದ್ದಳು: ‘ಸೈಟು ಮಾರಿದ್ರೂ ಆಗಲ್ಲ ಬಿಡು.’

ಮಾತ್ರೆ ನಿಲ್ಲಿಸಿದ ಕೈ

ಸದ್ಯಕ್ಕೆ ಮಾವನಿಗೆ ಇರುವುದು ಟೆಟ್ರಾಬೆನಜಿನ್ ಮಾತ್ರೆ. ಮೈ ಅಲುಗಾಟ ಕಡಿಮೆ ಮಾಡುತ್ತದೆ, ಕಾಯಿಲೆಯನ್ನು ತಡೆಯುವುದಿಲ್ಲ. ಮನಸ್ಸು ಕುಗ್ಗಿಸಬಹುದು ಅಂತ ಎಚ್ಚರಿಕೆಯೂ ಇದೆ. ಮಾತ್ರೆ ಶುರುವಾದ ಮೇಲೆ ಬಂದ ನೆಂಟರೆಲ್ಲ ಪರವಾಗಿಲ್ವೇ, ಹುಷಾರಾಗಿದ್ದಾರೆ ಅಂದರು. ಅವರು ಹೋದ ಮೇಲೆ ಅತ್ತೆ ನನಗೆ ಹೇಳಿದ್ದು: ‘ಕೈ ನಿಂತಿತು ಕಣೇ, ಮನುಷ್ಯ ಎಲ್ಲಿ ಹೋದ?’

ಈ ಪರವಾಗಿಲ್ವೇ ಅನ್ನುವುದು ಬರೀ ನೆಂಟರ ಮಾತಾಗಿದ್ದರೆ ನಡೆಯುತ್ತಿತ್ತು. ಅಂಗವಿಕಲತೆಯ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದೆವು. 2016ರ ಕಾಯಿದೆಯ ಪಟ್ಟಿಯಲ್ಲಿ ದೀರ್ಘಕಾಲದ ನರರೋಗಗಳು ಇವೆ. ಸವಲತ್ತು ಸಿಗಬೇಕಾದರೆ ಶೇಕಡ 40 ಇರಬೇಕು. ನೋಡಿದವರು ಮಾವನನ್ನು ನಡೆಸಿದರು, ಕೈ ಚಾಚಿಸಿದರು, ಮುಷ್ಟಿ ಬಿಗಿ ಮಾಡಿಸಿದರು. ಮಾತ್ರೆಯ ದೆಸೆಯಿಂದ ಕೈ ಹೆಚ್ಚು ಅಲ್ಲಾಡಲಿಲ್ಲ. ನಲವತ್ತಕ್ಕಿಂತ ಕಡಿಮೆ ಬರೆದು ಕಳಿಸಿದರು. ಪಕ್ಕದ ಮನೆಯವರು, ಮುಂದಿನ ಸಲ ಹೋಗುವ ಮುಂಚೆ ಎರಡು ದಿನ ಮಾತ್ರೆ ಕೊಡಬೇಡಿ ಅಂದರು. ಅತ್ತೆಗೆ ಕೆಂಡದಂಥ ಸಿಟ್ಟು ಬಂತು. ಒಂದು ಸರ್ಟಿಫಿಕೇಟಿಗೋಸ್ಕರ ಅವರನ್ನ ಕುಣಿಸಲಾ ಅಂದರು.

ಮತ್ತೆ ಅರ್ಜಿ ಹಾಕಿದ್ದೇವೆ. ಈ ಸಲ ನರರೋಗದ ಡಾಕ್ಟರ ಪತ್ರದ ಜೊತೆಗೆ ಮನೋವಿಜ್ಞಾನ ವಿಭಾಗದಲ್ಲಿ ಮಾಡಿಸಿದ ನೆನಪು, ಗಮನ, ಲೆಕ್ಕದ ಪರೀಕ್ಷೆಯ ರಿಪೋರ್ಟೂ ಇಟ್ಟಿದ್ದೇವೆ. ಜೊತೆಗೆ ಮಗಳು ಬರೆದ ಒಂದು ಪುಟ ಇದೆ. ಒಲೆ ಹಚ್ಚಿ ಮರೆಯುತ್ತಾರೆ, ಅಂಗಡಿಯಲ್ಲಿ ಕೊಟ್ಟ ದುಡ್ಡಿನ ಲೆಕ್ಕ ಹೇಳಲಾರರು, ಅನ್ನ ಗಂಟಲಲ್ಲಿ ಸಿಕ್ಕುತ್ತದೆ, ಎಷ್ಟು ಊಟ ಹಾಕಿದರೂ ತೂಕ ಇಳಿಯುತ್ತಿದೆ, ಒಬ್ಬರನ್ನೇ ಬಿಡುವ ಹಾಗಿಲ್ಲ. ಇಂಥ ಅರ್ಜಿ ಹಾಕುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಈ ಪರೀಕ್ಷೆಯನ್ನು ಮೊದಲೇ ಮಾಡಿಸಿಕೊಳ್ಳಿ, ಆಮೇಲೆ ಓಡಾಡುವುದು ತಪ್ಪುತ್ತದೆ. ನಡೆಯುತ್ತಾರೆ, ಆದರೆ ಸ್ವತಂತ್ರವಾಗಿ ಬದುಕಲಾರರು ಅನ್ನುವುದನ್ನು ಡಾಕ್ಟರ ಕೈಯಲ್ಲಿ ಬಿಡಿಸಿ ಬರೆಸಿಕೊಳ್ಳಿ. ನಮಗೆ ಮುಂದಿನ ತಿಂಗಳು ಬನ್ನಿ ಅಂದಿದ್ದಾರೆ.